ಕಡಲೆಕಾಯಿಯಿಂದ ಮನೆಯಲ್ಲೇ ಹಾಲು



ಹಾಲು ಎಂದಕೂಡಲೆ ನಮ್ಮ ಕಣ್ಣು ಕೊಟ್ಟಿಗೆಯ ಕಡೆಗೆ ತಿರುಗುತ್ತದೆ. ಅದು ಸಹಜವೇ. ಆದರೆ ಕೊಟ್ಟಿಗೆಯಲ್ಲಿ ಹಸು ಇದ್ದರೂ ಮನೆಯ ಮಕ್ಕಳ ಲೋಟಕ್ಕೆ ಹಾಲು ಬೀಳದ ದಿನಗಳು ವರ್ಷದಲ್ಲಿ ಎಷ್ಟಿವೆ, ಲೆಕ್ಕ ಹಾಕಿ ನೋಡಿ. ಗಬ್ಬದ ಹಸುವನ್ನು ಈಯುವುದಕ್ಕೆ ಎರಡು ತಿಂಗಳು ಮೊದಲೇ ಬತ್ತಿಸಬೇಕು. ಬೇಸಗೆಯಲ್ಲಿ ಹಸಿಮೇವು ಸಿಗದೆ ಕರೆಯುವ ಹಸುವಿನ ಹಾಲೂ ಇಳಿಯುತ್ತದೆ. ಆ ಇಳಿದ ಹಾಲನ್ನೂ ಡೈರಿಗೆ ಹಾಕದೆ ವಿಧಿಯಿಲ್ಲ. ವಾರದ ಸಂತೆ ನಡೆಯುವುದು ಆ ದುಡ್ಡಿನಿಂದಲೇ. ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾಯಿತು, ಸರಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆಯಲ್ಲವೆ? ಹೀಗೆ ಹಾಲು ಕಡಿಮೆಯಾದ ಕಾಲದಲ್ಲಿ ಮಗು ಬರೀ ಕರೀ ಟೀ ಕುಡಿದು ಆಟಕ್ಕೆ ಓಡುತ್ತದೆ.

ಇದಕ್ಕೆ ಒಂದು ದಾರಿ ನಮ್ಮ ಮನೆಯ ಮೂಟೆಯಲ್ಲೇ ಇದೆ. ಚಿತ್ರದುರ್ಗ, ಪಾವಗಡ, ಬಳ್ಳಾರಿ, ರಾಯಚೂರು, ಗದಗದ ಕಡೆಯ ರೈತರ ಮನೆಯಲ್ಲಿ ಕಡಲೆಕಾಯಿ ಇಲ್ಲದ ವರ್ಷ ಅಪರೂಪ. ಕೆಲವರು ಇದನ್ನು ಶೇಂಗಾ ಅನ್ನುತ್ತಾರೆ. ಬಡವರ ಬಾದಾಮಿ ಎಂಬ ಹೆಸರೂ ಇದಕ್ಕೆ ಉಂಟು. ಆ ಹೆಸರು ಸುಮ್ಮನೆ ಬಂದದ್ದಲ್ಲ. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇರುತ್ತದೆ. ಮೈ ಬೆಳೆಯುವುದಕ್ಕೆ ಬೇಕಾದದ್ದು ಅದೇ. ಎಣ್ಣೆಯ ಅಂಶವಂತೂ ಹೇಳಬೇಕಾದ್ದೇ ಇಲ್ಲ.

ಈ ಬೀಜವನ್ನು ನೀರು ಬೆರೆಸಿ ರುಬ್ಬಿ ಸೋಸಿದರೆ ಬೆಳ್ಳನೆಯ ಹಾಲು ಬರುತ್ತದೆ. ಇದು ಹೊಸ ಮಾತೇನೂ ಅಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಕಡಲೆಕಾಯಿಯ ಸಸಾರಜನಕದ ಮೇಲೆ ಬಹಳ ಕೆಲಸ ಮಾಡಿದರು. ಅದನ್ನು ಎಮ್ಮೆಯ ಹಾಲಿಗೆ ಬೆರೆಸಿ, ಇದ್ದ ಹಾಲು ಹೆಚ್ಚು ಮಕ್ಕಳಿಗೆ ಒದಗುವಂತೆ ಮಾಡಿದರು. ಅದಕ್ಕೆ ಮಿಲ್ಟೋನ್ ಎಂದು ಹೆಸರಿಟ್ಟರು. ಅವರದು ಯಂತ್ರದ ಕೆಲಸ. ನಮಗೆ ಒರಳುಕಲ್ಲೋ ಮಿಕ್ಸಿಯೋ ಒಂದಿದ್ದರೆ ಸಾಕು.

ಈಗ ಮಾಡುವ ಕ್ರಮ ಹೇಳುತ್ತೇನೆ, ಗಮನವಿಟ್ಟು ಕೇಳಿ.

ಒಂದು ಲೋಟ ಕಡಲೆಬೀಜ ತೆಗೆದುಕೊಳ್ಳಿ. ಮೊದಲು ಮೊರದಲ್ಲಿ ಹಾಕಿ ಒಂದೊಂದಾಗಿ ಆರಿಸಿ. ಇದು ಬಹಳ ಮುಖ್ಯ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ. ಆರಿಸಿದ ಬೀಜವನ್ನು ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ. ಕೆಂಪಗೆ ಹುರಿಯಬಾರದು, ಸಿಪ್ಪೆ ಸಡಿಲವಾದರೆ ಸಾಕು. ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಕೇರಿ, ಸಿಪ್ಪೆ ಹಾರಿಸಿಬಿಡಿ. ಹೀಗೆ ಮಾಡಿದರೆ ಹಸಿವಾಸನೆಯೂ ತಗ್ಗುತ್ತದೆ, ಹಾಲಿನ ಬಣ್ಣವೂ ಬೆಳ್ಳಗಿರುತ್ತದೆ.

ಬೀಜವನ್ನು ರಾತ್ರಿ ನೆನೆಹಾಕಿದರೆ ಒಳ್ಳೆಯದು. ಅವಸರವಾದರೆ ಕುದಿಯುವ ನೀರು ಸುರಿದು ಅರ್ಧ ಗಂಟೆ ಮುಚ್ಚಿಡಿ, ಅಷ್ಟಕ್ಕೇ ಮೆತ್ತಗಾಗುತ್ತದೆ. ನೆನೆದ ನೀರನ್ನು ಚೆಲ್ಲಿ, ಬೇರೆ ನೀರು ಸ್ವಲ್ಪ ಸ್ವಲ್ಪ ಚಿಮುಕಿಸಿಕೊಂಡು ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿ. ತರಿತರಿಯಾಗಿ ಬಿಟ್ಟರೆ ಸಾರವೆಲ್ಲ ಹಿಪ್ಪೆಯಲ್ಲೇ ಉಳಿಯುತ್ತದೆ. ಎಲ್ಲ ಸೇರಿ ಐದರಿಂದ ಆರು ಲೋಟ ನೀರು ಹಿಡಿಯುತ್ತದೆ. ಒಗೆದು ಒಣಗಿಸಿದ ತೆಳುವಾದ ಬಿಳಿ ಬಟ್ಟೆಯಲ್ಲಿ ಸುರಿದು ಚೆನ್ನಾಗಿ ಹಿಂಡಿ. ಸುಮಾರು ಐದು ಲೋಟ ಹಾಲು ಸಿಗುತ್ತದೆ.

ಇನ್ನು ಕಾಯಿಸುವುದು. ಹಸಿಯಾಗಿ ಕುಡಿಯಲೇಬಾರದು. ಕಾಯಿಸದಿದ್ದರೆ ಅರಗುವುದು ಕಷ್ಟ, ವಾಸನೆಯೂ ಹೋಗದು. ದಪ್ಪ ತಳದ ಪಾತ್ರೆಯಲ್ಲಿಟ್ಟು ಕೈಬಿಡದೆ ತಿರುವುತ್ತಿರಿ. ತಳ ಹಿಡಿಯುವುದು ಬೇಗ, ನೊರೆ ಉಕ್ಕುವುದೂ ಬೇಗ. ಕುದಿ ಬಂದಮೇಲೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ಇಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ. ಕುದಿಯುವಾಗಲೇ ಬೆಲ್ಲ ಹಾಕಿದರೆ ಕೆಲವೊಮ್ಮೆ ಒಡೆಯುವುದುಂಟು. ಒಂದು ಏಲಕ್ಕಿಯೋ, ಚೂರು ಶುಂಠಿಯೋ ಜಜ್ಜಿ ಹಾಕಿದರೆ ಮಕ್ಕಳು ತಾವೇ ಲೋಟ ಮುಂದೆ ಹಿಡಿಯುತ್ತಾರೆ.

ಉಳಿದ ಹಿಪ್ಪೆಯನ್ನು ಚೆಲ್ಲಬೇಡಿ. ಹಸಿಮೆಣಸಿನಕಾಯಿ, ಹುಣಿಸೆಹುಳಿ, ಉಪ್ಪು ಸೇರಿಸಿ ಒಗ್ಗರಣೆ ಕೊಟ್ಟರೆ ಆ ಹೊತ್ತಿನ ಚಟ್ನಿಯಾಯಿತು. ರೊಟ್ಟಿಯ ಹಿಟ್ಟಿಗೂ ಕಲಸಬಹುದು.

ಮೊಸರಾಗುತ್ತದೆಯೇ ಎಂದು ಕೇಳುವಿರಿ. ಆಗುತ್ತದೆ. ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಿ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಹುಳಿಯಾಗುತ್ತದೆ. ಹಸುವಿನ ಮೊಸರಿನಷ್ಟು ಗಟ್ಟಿಯಾಗುವುದಿಲ್ಲ, ನೀರು ಬಿಟ್ಟುಕೊಳ್ಳುವುದೂ ಉಂಟು. ಮಜ್ಜಿಗೆಗೆ ಅಡ್ಡಿಯಿಲ್ಲ.

ಇಷ್ಟು ಹೇಳಿದ ಮೇಲೆ ಈ ಹಾಲಿನ ಕೊರತೆಯನ್ನೂ ಹೇಳಬೇಕು. ಹಸುವಿನ ಹಾಲಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಲೆಕಾಯಿ ಹಾಲಿನಲ್ಲಿ ಬಹಳ ಕಡಿಮೆ. ಮಕ್ಕಳ ಮೂಳೆಗೆ, ಹಲ್ಲಿಗೆ ಅದು ಬೇಕೇ ಬೇಕು. ಆದರೆ ನಾವು ರಾಗಿಯ ನಾಡಿನವರು, ಚಿಂತೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿಗೆ ಎರಡು ಚಮಚ ರಾಗಿ ಹುರಿಹಿಟ್ಟು ಕದಡಿ ಕೊಡಿ. ಸಿಪ್ಪೆ ತೆಗೆಯದ ಎಳ್ಳನ್ನು ಹುರಿದು ಪುಡಿ ಮಾಡಿ ಒಂದು ಚಮಚ ಬೆರೆಸಿದರೂ ಸರಿಯೆ. ಎಳ್ಳಿನಲ್ಲಿ ರಾಗಿಗಿಂತಲೂ ಹೆಚ್ಚು ಕ್ಯಾಲ್ಸಿಯಂ ಉಂಟು. ಸೋಸಿದರೆ ಅದು ಸಿಪ್ಪೆಯ ಜೊತೆ ಹೋಗಿಬಿಡುವುದರಿಂದ ಎಳ್ಳಿನ ಪುಡಿಯನ್ನು ಸೋಸಬೇಡಿ. ಕಡಲೆಕಾಯಿ, ರಾಗಿ, ಬೆಲ್ಲ ಈ ಮೂರೂ ಸೇರಿದರೆ ಮಗುವಿನ ಹೊಟ್ಟೆಗೆ ಒಳ್ಳೆಯ ಆಧಾರ. ಮನೆಯಲ್ಲಿ ಮಜ್ಜಿಗೆ, ಮೊಟ್ಟೆ ಇದ್ದರೆ ಅವನ್ನೂ ಬಿಡಬೇಡಿ. ಬಿ-12 ಎಂಬ ಜೀವಸತ್ವ ಕಾಳು ಬೀಜಗಳಲ್ಲಿ ಇಲ್ಲ. ಅದು ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು.

ತಾಯಂದಿರೇ, ಈಗ ಹೇಳುವುದನ್ನು ಮಾತ್ರ ಮರೆಯಬೇಡಿ. ಕೂಸಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಹಾಲು. ಎಷ್ಟೇ ಬಡತನವಿರಲಿ, ಎಷ್ಟೇ ಕೆಲಸವಿರಲಿ, ಕಡಲೆಕಾಯಿ ಹಾಲನ್ನು ಅದರ ಬದಲಿಗೆ ಕೊಡಬಾರದು. ಆಮೇಲೆಯೂ ಎರಡು ವರ್ಷದವರೆಗೆ ತಾಯಿಹಾಲು ನಡೆಯಲಿ, ಜೊತೆಗೆ ಮೆತ್ತನೆಯ ಅನ್ನ, ಬೇಳೆ, ಅಂಬಲಿ ಕೊಡಿ. ಕಡಲೆಕಾಯಿ ಹಾಲು ಆಡಿಕೊಂಡು ಓಡಾಡುವ ದೊಡ್ಡ ಮಕ್ಕಳಿಗೆ. ಅವರಿಗೂ ಮೊದಲ ದಿನ ಒಂದೆರಡು ಚಮಚವಷ್ಟೇ ಕೊಟ್ಟು ನೋಡಿ. ಕಡಲೆಕಾಯಿ ಒಗ್ಗದ ಮಕ್ಕಳಿರುತ್ತಾರೆ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಬ್ಬಸ ಬಂದರೆ ಮತ್ತೆ ಕೊಡಬಾರದು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನು ಬೀಜ ಆರಿಸುವ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವು ತಿಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ವಿಷವಾಗಿತ್ತು ಎಂದು ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಇದು ಈಲಿಯನ್ನು ಕೆಡಿಸುವ ವಿಷ. ಸ್ವಲ್ಪಸ್ವಲ್ಪವಾಗಿ ಬಹಳ ಕಾಲ ಒಳಗೆ ಹೋದರೆ ಈಲಿಯ ಕ್ಯಾನ್ಸರಿಗೂ ದಾರಿ. ಕುದಿಸಿದರೆ ಹೋದೀತು ಎಂದುಕೊಳ್ಳಬೇಡಿ, ಕುದಿಸಿದರೂ ಅದು ಹೋಗುವುದಿಲ್ಲ.

ಆದ್ದರಿಂದ ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕಿದ್ದು, ಮೊಳೆತದ್ದು, ಹುಳು ಹಿಡಿದದ್ದು ಎಲ್ಲವನ್ನೂ ತೆಗೆದು ಹಾಕಿ. ತೆಗೆದದ್ದನ್ನು ಹಸುವಿಗೂ ಹಾಕಬೇಡಿ. ಆ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ. ಬೂಷ್ಟು ಬರುವುದಕ್ಕೆ ಕಾರಣ ತೇವ. ಕಿತ್ತ ಕಾಯನ್ನು ಅಲುಗಿಸಿದರೆ ಗಲಗಲ ಅನ್ನುವವರೆಗೆ ಬಿಸಿಲಲ್ಲಿ ಒಣಗಿಸಿ. ಮೂಟೆಯನ್ನು ಬರೀ ನೆಲದ ಮೇಲಾಗಲಿ ಗೋಡೆಗೆ ಒತ್ತಿಯಾಗಲಿ ಇಡದೆ ಹಲಗೆಯ ಮೇಲಿಡಿ. ಬೇಕಾದಾಗ ಬೇಕಾದಷ್ಟೇ ಸುಲಿದುಕೊಳ್ಳಿ. ಸಿಪ್ಪೆಯೊಳಗಿದ್ದಷ್ಟು ದಿನ ಬೀಜಕ್ಕೆ ಕಾವಲು.

ಇನ್ನೊಂದು ಎಚ್ಚರಿಕೆ. ಬಿತ್ತನೆಗೆಂದು ಔಷಧ ಬೆರೆಸಿದ ಬೀಜ ಮುಂಗಾರಿನ ಹೊತ್ತಿಗೆ ಮನೆಯಲ್ಲಿರುತ್ತದೆ. ಅದು ವಿಷ. ತೊಳೆದರೂ ಅಡುಗೆಗೆ ಬಾರದು. ಅದನ್ನು ಅಡುಗೆಮನೆಯ ಹತ್ತಿರವೂ ತರಬೇಡಿ, ಮಕ್ಕಳ ಕೈಗೂ ಸಿಗದಂತೆ ಇಡಿ.

ಮಾಡಿದ ಹಾಲನ್ನು ಬೇಸಗೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಬೆಳಗಿನದು ಬೆಳಗಿಗೇ ಮುಗಿಯಲಿ.

ಕಡಲೆಕಾಯಿ ಬೆಳೆಯದ ಕಡೆ ಏನು ಮಾಡಬೇಕು? ಬೀದರ್, ಧಾರವಾಡ, ಬೆಳಗಾವಿಯ ಕಡೆ ಸೋಯಾ ಅವರೆ ಇದೆ. ಅದರಲ್ಲಿ ಸಸಾರಜನಕ ಇನ್ನೂ ಹೆಚ್ಚು. ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಕುದಿನೀರಿನಲ್ಲಿ ಅದ್ದಿ, ರುಬ್ಬಿ ಸೋಸಿ, ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಬೇಕು. ಕರಾವಳಿಯ ತಾಯಂದಿರು ತೆಂಗಿನಕಾಯಿ ಹಾಲು ತೆಗೆಯುವುದರಲ್ಲಿ ಜಾಣೆಯರು. ಪಾಯಸಕ್ಕೆ ಅದರ ಸಮ ಇಲ್ಲ. ಆದರೆ ಅದರಲ್ಲಿ ಕೊಬ್ಬೇ ಹೆಚ್ಚು, ಸಸಾರಜನಕ ಕಡಿಮೆ. ಮಕ್ಕಳ ದಿನದ ಹಾಲಿಗೆ ಅದು ಬದಲಿಯಾಗದು.

ಕೊನೆಗೆ ಒಂದು ಮಾತು. ಕಡಲೆಕಾಯಿ ಹಾಲು ಬಂತು, ಇನ್ನು ಇದ್ದಬದ್ದ ಹಾಲನ್ನೆಲ್ಲ ಡೈರಿಗೆ ಸುರಿಯೋಣ ಎಂದು ಯಾರೂ ತಿಳಿಯಬೇಡಿ. ಕರೆಯುವ ಹಸು ಇರುವಾಗ ಕ್ಯಾನು ಹೊರಡುವ ಮುಂಚೆ ಮಕ್ಕಳ ಪಾಲು ಎತ್ತಿಡಿ. ಹಸು ಬತ್ತಿದ ಕಾಲಕ್ಕೆ ಮೂಟೆಯ ಕಡಲೆಕಾಯಿ ಇದೆ. ಮಾರುವ ಮುನ್ನ ಮನೆಗೆಂದು ಒಂದಿಷ್ಟು ಒಳ್ಳೆಯ ಕಾಯಿ ಒಣಗಿಸಿ ಕಟ್ಟಿಡುವುದು ಯಜಮಾನರ ಕೆಲಸ; ಆರಿಸಿ, ರುಬ್ಬಿ, ಕುದಿಸುವುದಕ್ಕೂ ಅವರು ಕೈಗೂಡಿಸಿದರೆ ಮನೆಯಾಕೆಗೆ ಹಗುರ. ನಾಳೆ ಬೆಳಿಗ್ಗೆಯೇ ಒಂದು ಲೋಟ ಬೀಜ ಆರಿಸಿ ಮಾಡಿ ನೋಡಿ.