ಒಬ್ಬನ ತಿಳಿವು, ಹತ್ತು ಜನರ ಕೆಲಸ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಹತ್ತು ಜನ ಕೂಡಿ ಹಿಡಿದ ಕೆಲಸ ಒಂದು ಕಡೆ ಸಾಗುತ್ತದೆ, ಇನ್ನೊಂದು ಕಡೆ ನಿಲ್ಲುತ್ತದೆ. ದುಡಿಮೆ ಎರಡೂ ಕಡೆ ಅಷ್ಟೇ. ಒಬ್ಬನಿಗೆ ತಿಳಿದದ್ದು ಉಳಿದವರ ಕೈಗೆ ಸಿಗುತ್ತದೆಯೋ ಇಲ್ಲವೋ ಎಂಬಲ್ಲಿ ವ್ಯತ್ಯಾಸವಿದೆ. ಇದಕ್ಕೆ ನಮ್ಮ ಪುಣೆಯಲ್ಲೇ ದೊಡ್ಡ ನಿದರ್ಶನವುಂಟು.

ಇಲ್ಲಿನ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ಮಹಾಭಾರತದ ಶುದ್ಧ ಪಾಠವನ್ನು ಗೊತ್ತುಮಾಡುವ ಕೆಲಸಕ್ಕೆ ಕೈಹಾಕಿದರು. ನಾಡಿನ ನಾನಾ ಕಡೆಯ ಕೈಬರಹದ ಪ್ರತಿಗಳು. ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲೆಯಾಳ ಎಂದು ಲಿಪಿಗಳೂ ಹಲವು. ಎಲ್ಲವನ್ನೂ ಓದಬಲ್ಲವರು ವಿರಳ.

1925ರಲ್ಲಿ ಸಂಪಾದಕರಾದ ಡಾ. ವಿಷ್ಣು ಸೀತಾರಾಮ ಸುಖಠಣಕರರ ಕಾಲದ ಏರ್ಪಾಡು ನಮ್ಮಂಥ ಗುಮಾಸ್ತರಿಗೆ ಬೇಗ ಮನಗಾಣುವಂಥದು. ಅಡ್ಡ ಉದ್ದ ಗೆರೆ ಹಾಕಿದ ಹಾಳೆ. ಮೇಲೆ ಒಂದು ಶ್ಲೋಕ, ಅಕ್ಷರಕ್ಕೊಂದು ಮನೆ. ಕೆಳಗೆ ಪ್ರತಿಗೊಂದು ಸಾಲು. ಪಾಠ ಬೇರೆಯಾದಲ್ಲಿ ಆ ಮನೆಯಲ್ಲೇ ಬರೆಯುವುದು. ತಂಜಾವೂರಿನಲ್ಲೂ ಶಾಂತಿನಿಕೇತನದಲ್ಲೂ ಪಂಡಿತರು ಪ್ರತಿಗಳನ್ನು ಹೋಲಿಸಿದರು. ಅವರು ಕಂಡದ್ದು ಪುಣೆಯವರ ಕಣ್ಣಿಗೂ ಬಿತ್ತು.

1943ರ ಜನವರಿಯಲ್ಲಿ ಸುಖಠಣಕರರು ತೀರಿಕೊಂಡರು. ನಷ್ಟ ಸಣ್ಣದಲ್ಲ, ಆದರೂ ಕೆಲಸ ನಿಲ್ಲಲಿಲ್ಲ. ಶ್ರೀಪಾದ ಕೃಷ್ಣ ಬೆಲವಲಕರರು, ಅವರ ತರುವಾಯ ಪರಶುರಾಮ ಲಕ್ಷ್ಮಣ ವೈದ್ಯರು ಹೊಣೆ ಹೊತ್ತರು. ಪರಿಶೀಲಿಸಿದ ಪ್ರತಿಗಳು 1,259. ಹಿಡಿದ ವರ್ಷಗಳು 47. 1966ರಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಸಮಕ್ಷಮದಲ್ಲಿ ಕಾರ್ಯ ಸಮಾಪ್ತಿಯಾಯಿತು.

ಈಗ ಗಿರಣಿಯ ಮಾತಿಗೆ ಬರೋಣ. ಯಾವ ಮಗ್ಗದಲ್ಲಿ ಎಳೆ ಮೇಲಿಂದ ಮೇಲೆ ಹರಿಯುತ್ತದೆಂಬುದು ಪಾಳಿ ಮುಗಿಸಿದವನಿಗೆ ಗೊತ್ತು. ಹೇಳದೆ ಹೋದರೆ, ಮುಂದಿನವನು ಬಟ್ಟೆ ಕೆಟ್ಟ ಮೇಲೆ ಅರಿಯುತ್ತಾನೆ. ಯಾವ ಲೆಕ್ಕ ಯಾವ ಕಡತದಲ್ಲಿದೆ ಎಂಬುದು ಒಬ್ಬ ಗುಮಾಸ್ತನ ತಲೆಯಲ್ಲೇ ಇದ್ದರೆ, ಅವನು ಊರಿಗೆ ಹೋದ ವಾರ ನೂರು ಜನರ ಪಗಾರ ತಡ.

“ಹೇಳಿಕೊಟ್ಟರೆ ನನ್ನ ಬೆಲೆ ಇಳಿದೀತು” ಎಂಬ ಅಂಜಿಕೆ ಹೊಟ್ಟೆಪಾಡಿನವರಿಗೆ ಸಹಜ. ಅದಕ್ಕೇ ಹೇಳಿಕೊಟ್ಟವನ ಹೆಸರನ್ನು ಕಲಿತವರು ಎತ್ತಿ ಹೇಳಬೇಕು. ಆ ಹಾಳೆಗಳಿಂದ ಸುಖಠಣಕರರ ಹೆಸರು ಕುಗ್ಗಲಿಲ್ಲ. ಅವರ ಕೆಲಸ ಅವರ ನಂತರವೂ ನಡೆಯಿತು. ಎಲ್ಲರಿಗೂ ಎಲ್ಲವೂ ತಿಳಿದಿರಬೇಕಾಗಿಲ್ಲ. ಯಾರಿಗೆ ಏನು ತಿಳಿದಿದೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕು.

ವಾಚನಾಲಯದ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರು, ಪ್ರಾವಿಡೆಂಟ್ ಫಂಡಿನ ಕಾಗದ ತುಂಬಬಲ್ಲವರು, ಬಾಡಿಗೆಯ ಖೋಲಿ ಎಲ್ಲಿ ಸಿಗುತ್ತದೆಂದು ಬಲ್ಲವರು ಅದರಲ್ಲಿ ತಮ್ಮ ಹೆಸರು ಬರೆಯಿರಿ. ನಾಳೆ ಊರಿನಿಂದ ಬಂದಿಳಿಯುವ ಹುಡುಗನಿಗೆ ಅದು ದಾರಿ ತೋರಲಿ.