ಕುಲುಮೆಯಲ್ಲಿ ಬೇಯುವ ಸರ್ಕಿಟ್
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



"ಬೆಂಗಳೂರಾಗ ಏನು ಕೆಲಸ ಮಾಡ್ತಿಯವ್ವ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. "ಮೈಕ್ರೋವೇವ್" ಎಂದರೆ ಓವನ್ ರಿಪೇರಿ ಅಂದುಕೊಂಡವರೂ ಇದ್ದೀರಿ. ಇವತ್ತು ಕೈಗೆ ಮೈಕು ಸಿಕ್ಕಿದೆ, ಬಿಡಿಸಿ ಹೇಳಿಬಿಡುತ್ತೇನೆ.

ಮೈಕ್ರೋವೇವ್ ಎಂದರೆ ರೇಡಿಯೋ ಅಲೆಯೇ, ಆದರೆ ಬಹಳ ಗಿಡ್ಡದು. ನಿಮ್ಮ ಮೊಬೈಲಿನ ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಏರಿಳಿಯುವ ಅಲೆ. ಅದರ ಉದ್ದ 12.5 ಸೆಂಟಿಮೀಟರ್. ಬೇಕಾದ ಅಲೆಯನ್ನು ಒಳಬಿಟ್ಟು ಉಳಿದದ್ದನ್ನು ತಡೆಯುವ ಜರಡಿಗೆ ಫಿಲ್ಟರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರೊಳಗಿನ ಲೋಹದ ಪಟ್ಟಿ ಅಲೆಯ ಕಾಲುಭಾಗದಷ್ಟು, 3 ಸೆಂಟಿಮೀಟರಿಗೂ ಮೇಲೆ ಇರಬೇಕು. ಮೊಬೈಲಿನೊಳಗೆ ಅಷ್ಟು ಜಾಗ ಎಲ್ಲಿದೆ? ಸೆರಾಮಿಕ್‌ನೊಳಗೆ ಅಲೆ ನಿಧಾನವಾಗುತ್ತದೆ, ಗಿಡ್ಡವೂ ಆಗುತ್ತದೆ. ನಾವು ಬಳಸುವ ಒಂದು ಬಗೆಯ ಸೆರಾಮಿಕ್‌ನಲ್ಲಿ ಆ ಪಟ್ಟಿ ಸುಮಾರು 11 ಮಿಲಿಮೀಟರಿಗೆ ಇಳಿಯುತ್ತದೆ. ಅದನ್ನೂ ಮಡಚಿ, ಸುರುಳಿ ಸುತ್ತಿ, ಒಂದರ ಮೇಲೊಂದು ಪದರದಲ್ಲಿ ಇಟ್ಟರೆ ಇಡೀ ಫಿಲ್ಟರ್ 2 ಮಿಲಿಮೀಟರ್ ಉದ್ದದೊಳಗೆ ಕೂರುತ್ತದೆ. ಜೋಳದ ಕಾಳಿಗಿಂತ ಚಿಕ್ಕದು.

ಮಾಡುವ ಬಗೆ ಹೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಗಾಜಿನ ಪುಡಿ, ಅಲ್ಯೂಮಿನಾ ಪುಡಿಗಳನ್ನು ಅಂಟಿನ ಜೊತೆ ಕಲಸಿ, ಹಪ್ಪಳಕ್ಕಿಂತ ತೆಳ್ಳಗೆ ಹರವಿ ಒಣಗಿಸುತ್ತಾರೆ. ಇಂಗ್ಲಿಷಿನವರು ಇದಕ್ಕೆ ಗ್ರೀನ್ ಟೇಪ್ ಅನ್ನುತ್ತಾರೆ. ಹಸಿರು ಅಂತಲ್ಲ, ಹಸಿ ಅಂತ. ನಮ್ಮ ಕೈಗೆ ಬರುವುದು ನೀಲಿ ಬಣ್ಣದ್ದು! ಪ್ರತಿ ಹಾಳೆಗೂ ಕೂದಲೆಳೆಯಷ್ಟೇ ತುಸು ದಪ್ಪದ ತೂತು ಹೊಡೆದು, ತೂತಿಗೆ ಬೆಳ್ಳಿಯ ಪೇಸ್ಟ್ ತುಂಬಿ, ಮೇಲೆ ಬೆಳ್ಳಿಯಲ್ಲೇ ಸರ್ಕಿಟ್ ಅಚ್ಚು ಹಾಕುತ್ತೇವೆ. ಹಾಳೆಗಳನ್ನು ಕಟಗ ರೊಟ್ಟಿಯಂತೆ ಪೇರಿಸಿ, ಬಿಸಿಯಲ್ಲಿ ಒತ್ತಿ, ಕುಲುಮೆಗೆ ಇಡುತ್ತೇವೆ. ಬೆಳ್ಳಿ ಕರಗುವುದು 962 ಡಿಗ್ರಿಗೆ. ಬರೀ ಅಲ್ಯೂಮಿನಾ ಬೇಯಲು 1600 ಡಿಗ್ರಿ ಬೇಕು, ಅಷ್ಟರಲ್ಲಿ ಬೆಳ್ಳಿ ನೀರಾಗಿರುತ್ತದೆ. ಗಾಜು ಬೆರೆಸುವುದು ಇದಕ್ಕಾಗಿ. 850 ಡಿಗ್ರಿಗೇ ಎಲ್ಲ ಪದರವೂ ಬೆಂದು ಒಂದೇ ಕಲ್ಲಾಗುತ್ತದೆ.

ಕಷ್ಟ ಇರುವುದು ಇಲ್ಲೇ. ಬೆಂದದ್ದು ಕುಗ್ಗುತ್ತದೆ. ಕುಂಬಾರರಿಗೂ ಇಟ್ಟಿಗೆ ಸುಡುವವರಿಗೂ ಇದು ಗೊತ್ತಿರುವುದೇ. ಆ ನೀಲಿ ಹಾಳೆ ನೂರಕ್ಕೆ 12.7ರಷ್ಟು ಕುಗ್ಗುತ್ತದೆ. 10 ಮಿಲಿಮೀಟರ್ ಬೇಕೆಂದರೆ 11.45 ಬರೆಯಬೇಕು. ಗೋಡೆಯ ಇಟ್ಟಿಗೆ ಕೂದಲೆಳೆಯಷ್ಟು ತಪ್ಪಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅಷ್ಟು ತಪ್ಪಿದರೆ ಫಿಲ್ಟರ್ ಪಕ್ಕದ ಅಲೆಯನ್ನು ಒಳಬಿಡುತ್ತದೆ. ಬೆಂದಮೇಲೆ ಒಳಪದರವನ್ನು ತಿದ್ದಲು ಬರುವುದಿಲ್ಲ. ಅದಕ್ಕೇ ಕಂಪ್ಯೂಟರ್ ಮುಂದೆ ವಾರಗಟ್ಟಲೆ ಲೆಕ್ಕ, ಕುಲುಮೆಯಲ್ಲಿ ಒಂದು ದಿನ.

ಇಷ್ಟು ಚಿಕ್ಕದು ಯಾಕೆ ಬೇಕು? ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ ತೇಜಸ್ ಯುದ್ಧವಿಮಾನಕ್ಕೆಂದು 'ಉತ್ತಮ್' ರಾಡಾರ್ ರೂಪಿಸಿದೆ. ಆ ಬಗೆಯ ರಾಡಾರಿನ ಮುಖದಲ್ಲಿ ನೂರಾರು ಪುಟ್ಟ ಆಂಟೆನಾಗಳು ಅಕ್ಕಪಕ್ಕ ಇರುತ್ತವೆ, ಅರ್ಧ ಅಲೆಯಷ್ಟು ಅಂತರದಲ್ಲಿ. 10 ಗಿಗಾಹರ್ಟ್ಸ್ ಆದರೆ ಆ ಅಂತರ ಒಂದೂವರೆ ಸೆಂಟಿಮೀಟರ್. ಪ್ರತಿಯೊಂದರ ಹಿಂದೆಯೂ ಕಳಿಸುವ, ಕೇಳಿಸಿಕೊಳ್ಳುವ ಸರ್ಕಿಟ್ ಅಷ್ಟೇ ಅಗಲದಲ್ಲಿ ಹಿಡಿಯಬೇಕು. ಪದರ ಪೇರಿಸುವ ವಿದ್ಯೆ ಅಲ್ಲಿ ಕೈಹಿಡಿಯುತ್ತದೆ. ಕಳಿಸುವ ಶಕ್ತಿ ಕೇಳುವ ಕಡೆಗೆ ನುಗ್ಗದಂತೆ ತಡೆಯುವ ಬಿಲ್ಲೆಯೊಂದಿದೆ, ಫೆರೈಟ್ ಅಂತ. ಅದರ ಮುಖ್ಯ ಸರಕು ಐರನ್ ಆಕ್ಸೈಡ್. ನಮ್ಮ ಸಂಡೂರು ಗುಡ್ಡದ ಹೆಮಟೈಟ್ ಅದಿರು ಕೂಡ ಐರನ್ ಆಕ್ಸೈಡೇ. ನಾವು ಅದನ್ನು ಟನ್ನಿನ ಲೆಕ್ಕದಲ್ಲಿ ಲಾರಿಗೆ ತುಂಬುತ್ತೇವೆ. ಶುದ್ಧ ಮಾಡಿ, ಹದ ಮಾಡಿದವರು ಗ್ರಾಮಿನ ಲೆಕ್ಕದಲ್ಲಿ ಮಾರುತ್ತಾರೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಎಲ್ಲಿಯದು ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ, 1922ರಲ್ಲಿ ಹುಟ್ಟಿದವರು. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು.

ಈಗ ನನ್ನ ಅಹವಾಲು. ಹಳೆಯ ವಿದ್ಯಾರ್ಥಿಗಳ ಹಣದಲ್ಲಿ ಶಾಲೆಗೆ ಕಲ್ಲಿನ ಕಮಾನು ಕಟ್ಟುವ ಮಾತು ನಡೆದಿದೆ. ಬೇಡ ಅನ್ನುವುದಿಲ್ಲ, ಮೊದಲು ಪ್ರಯೋಗಾಲಯ ಆಗಲಿ ಅನ್ನುತ್ತೇನೆ. ಎರಡು ಅಲ್ಯೂಮಿನಿಯಂ ಫಾಯಿಲ್ ತುಂಡು, ನಡುವೆ ನೋಟುಪುಸ್ತಕದ ಒಂದು ಹಾಳೆ: ಇದು ಕೆಪಾಸಿಟರ್. ನಾನು ಸೆರಾಮಿಕ್ ಪದರದಲ್ಲಿ ಹುದುಗಿಸುವುದೂ ಇದನ್ನೇ. ಮೀಟರಿಗೆ ಸಿಕ್ಕಿಸಿ ಅಂಗೈಯಿಂದ ಒತ್ತಿದರೆ ಅಂಕಿ ಏರುತ್ತದೆ, ಇನ್ನೊಂದು ಹಾಳೆ ಸೇರಿಸಿದರೆ ಇಳಿಯುತ್ತದೆ. ಒಂಬತ್ತನೆಯ ತರಗತಿಯ ಮಗು ತನ್ನ ಕೈಯಾರೆ ನೋಡಲಿ. ಹತ್ತು ಮೀಟರ್‌ಗಳನ್ನು ತಂದಿದ್ದೇನೆ, ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿವೆ. ದಯವಿಟ್ಟು ಕಪಾಟಿನಲ್ಲಿ ಜೋಪಾನ ಮಾಡಬೇಡಿ, ಮಕ್ಕಳ ಕೈಗೆ ಕೊಡಿ. ಕೆಟ್ಟರೆ ಮತ್ತೆ ತರುತ್ತೇನೆ. ಬೆಂಚು, ಪ್ಲಗ್ಗು, ಬೆಸುಗೆ ಸಾಮಾನುಗಳ ಪಟ್ಟಿಯನ್ನು ಸಮಿತಿಯವರಿಗೆ ಕೊಟ್ಟಿದ್ದೇನೆ. ಕಮಾನಿನ ಕಲ್ಲಿಗೆ ಮುಂಗಡ ಕೊಡುವ ಮುಂಚೆ ಅದನ್ನೊಮ್ಮೆ ಓದಿ.