ಚಕ್ಕೆ ಏಳುವ ಬಣ್ಣ

ಹಳೇ ಮನೆಯ ಬಣ್ಣ ಚಕ್ಕೆ ಎದ್ದರೆ ನಮಗೆ ಕಾಣುವುದು ಅಂದಗೇಡು. ಅದರಲ್ಲಿ ಮಕ್ಕಳ ಕಾಯಿಲೆಯನ್ನು ಕಂಡವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್ ನಗರದ ವೈದ್ಯರು. 1890ರ ದಶಕದಲ್ಲಿ ಡಾ. ಜೆಫ್ರಿಸ್ ಟರ್ನರ್ ಅಲ್ಲಿನ ಮಕ್ಕಳಲ್ಲಿ ಸೀಸದ ವಿಷವನ್ನು ಗುರುತಿಸಿದರು. ಆದರೆ ಆ ಸೀಸ ಬಂದದ್ದೆಲ್ಲಿಂದ? 1904ರಲ್ಲಿ ವರಾಂಡದ ಕಟಕಟೆಯ ಕಡೆ ಬೆರಳು ತೋರಿಸಿದವರು ಜಾನ್ ಲಾಕ್‌ಹಾರ್ಟ್ ಗಿಬ್ಸನ್. ಅವರು ಕಣ್ಣಿನ ವೈದ್ಯರು. ಕ್ವೀನ್ಸ್‌ಲ್ಯಾಂಡಿನ ಬಿಸಿಲಿಗೆ ಕಟಕಟೆಯ ಬಣ್ಣ ಪುಡಿಯಾಗುತ್ತಿತ್ತು. ಅದನ್ನು ಹಿಡಿದು ಆಡಿದ ಮಕ್ಕಳು ಅದೇ ಬೆರಳನ್ನು ಬಾಯಿಗಿಡುತ್ತಿದ್ದರು. ಮಕ್ಕಳ ಕೈಗೆ ಎಟಕುವ ಕಡೆ ಸೀಸದ ಬಣ್ಣ ಬಳಿಯಬಾರದೆಂದು ಅಲ್ಲಿ ಕಾನೂನಾದದ್ದು 1922ರಲ್ಲಿ.

ಅಮೆರಿಕ ಇಷ್ಟು ಬೇಗ ಎಚ್ಚರಗೊಳ್ಳಲಿಲ್ಲ. 1951ರಲ್ಲಿ ಬಾಲ್ಟಿಮೋರ್ ನಗರ ಮನೆಯೊಳಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ನಿಷೇಧ ಬರಲು 1978ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕೋಟ್ಯಂತರ ಮನೆಗಳ ಗೋಡೆಗೆ ಆ ಬಣ್ಣ ಅಂಟಿಯಾಗಿತ್ತು. ಬಹುಕಾಲ ಅಲ್ಲಿ ಮನೆಯ ದೋಷ ತಿಳಿಯುತ್ತಿದ್ದದ್ದು ಮಗುವಿನ ರಕ್ತ ಪರೀಕ್ಷೆಯಿಂದ. ಇದು ನಾಚಿಕೆಗೇಡು. ಮಗು ಹಾಸಿಗೆ ಹಿಡಿಯುವ ಮೊದಲೇ ಮನೆಯನ್ನು ನೋಡಿ ಎಂಬ ಪಟ್ಟು ಬಲವಾದದ್ದು 1992ರ ಕಾನೂನಿನಿಂದ. ಮುಂದೆ ಸರ್ಕಾರದ ನೆರವು ಪಡೆಯುವ ಅನೇಕ ಹಳೇ ಮನೆಗಳಿಗೆ ಕಣ್ಣಿನಿಂದ ನೋಡಿ ಮಾಡುವ ತಪಾಸಣೆ ಕಡ್ಡಾಯವಾಯಿತು.

ತಪಾಸಣೆಗೆ ಬಂದವರು ಕೋಣೆ ಕೋಣೆ ಸುತ್ತಿ ಸಿಪ್ಪೆ ಎದ್ದದ್ದು, ಬಿರುಕು ಬಿಟ್ಟದ್ದು, ಪುಡಿ ಉದುರುವುದನ್ನು ಗುರುತು ಹಾಕಿಕೊಳ್ಳುತ್ತಾರೆ. ಕಿಟಕಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದನ್ನು ತೆರೆದು ಮುಚ್ಚುವಾಗ ಚೌಕಟ್ಟು ಉಜ್ಜಿ, ಕಣ್ಣಿಗೆ ಕಾಣದ ಧೂಳು ಅಲ್ಲೇ ಬೀಳುತ್ತದೆ. ಬಣ್ಣ ಕೆಟ್ಟಿದೆಯೇ ಎಂದಷ್ಟೇ ಕಣ್ಣು ಹೇಳೀತು. ಸೀಸ ಇದೆಯೇ ಎಂಬುದಕ್ಕೆ ಎಕ್ಸ್‌-ರೇ ಯಂತ್ರವೋ ಪ್ರಯೋಗಾಲಯವೋ ಬೇಕು. ಗೋಡೆ ಒದ್ದೆಯಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಬೇಕು, ಇಲ್ಲವಾದರೆ ಹೊಸ ಬಣ್ಣವೂ ಏಳುತ್ತದೆ.

ನಮ್ಮಲ್ಲಿ ಈ ಮಾತನ್ನು ಬಿಡದೆ ಎತ್ತಿದವರು ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್. ಭಾರತದಲ್ಲಿ ಮನೆಬಳಕೆಯ ಬಣ್ಣದ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದದ್ದು ನಮ್ಮ ಬಾಗಿಲು, ಕಿಟಕಿ, ಗ್ರಿಲ್ಲುಗಳ ಮೇಲೆ ಇನ್ನೂ ಇದೆ. ಹಬ್ಬಕ್ಕೆ ಬಣ್ಣ ಮಾಡಿಸುವವರು ಹಳೆಯದನ್ನು ಒಣಗಾಗಿ ಉಜ್ಜಿಸಬೇಡಿ. ನೀರು ಚಿಮುಕಿಸಿ ಕೆರೆಯಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳನ್ನೂ ಬಸುರಿಯರನ್ನೂ ಆ ಕೆಲಸ ಮುಗಿಯುವವರೆಗೆ ದೂರವಿಡಿ.